ಉಡಿಸಿದ ಕೈ

ಯಜಮಾನರು ತೀರಿಕೊಂಡ ಬೆಳಿಗ್ಗೆ ಅವರಿಗೆ ಕೊನೆಯ ಸಲ ಉಡಿಸಿದವಳು ನಾನು. ಬದುಕಿದ್ದಾಗ ಅವರು ಒಂದು ಗಳಿಗೆ ನೆಟ್ಟಗೆ ನಿಂತವರಲ್ಲ. ನಾನು ಬಟ್ಟೆಯನ್ನು ಬೆನ್ನ ಹಿಂದಿನಿಂದ ಎಡಭುಜಕ್ಕೆ ತರುವಷ್ಟರಲ್ಲಿ ಬಾಗಿಲಲ್ಲಿ ಕಾದು ನಿಂತ ಆಶ್ರಿತರನ್ನು ಹೆಸರು ಹಿಡಿದು ಕೂಗುತ್ತಿದ್ದರು, ಒಣ ಅಂಜೂರವನ್ನು ಬಾಯಿಗೆ ಎಸೆದುಕೊಳ್ಳುತ್ತಿದ್ದರು, ಆ ಕಡೆ ಈ ಕಡೆ ತಿರುಗಿ ನೆರಿಗೆಯನ್ನೆಲ್ಲ ಕೆಡಿಸುತ್ತಿದ್ದರು. ಅಂದು ಮಾತ್ರ ಹೇಳಿದ ಹಾಗೆ ಕೇಳಿದರು. ಅವರ ಎದೆಯ ಮೇಲೆ ನೆರಿಗೆ ಅಷ್ಟು ಚೆನ್ನಾಗಿ ಹಿಂದೆಂದೂ ಕೂತಿರಲಿಲ್ಲ. ಅದನ್ನು ನೋಡಿ ನನಗೆ ಅಳು ಬರಬೇಕಿತ್ತು. ಬಂದದ್ದು ಅಂಗಾಲಿನ ತುರಿಕೆ. ಹೊರಗೆ ಹೋಗಬೇಕು, ಈಗಲೇ ಹೋಗಬೇಕು ಎಂಬ ತುರಿಕೆ.

ಏಕೆಂದರೆ ಹಿಂದಿನ ದಿನ ಮಧ್ಯಾಹ್ನ ಅವರ ಮಂಚವನ್ನು ಮನೆದೇವರ ಗೂಡಿನ ಮುಂದೆ ತಂದಿಟ್ಟಾಗ ಅವರು ಎಲ್ಲರೆದುರಿಗೆ ಕೈಯೆತ್ತಿ, "ನೈಸಾಳನ್ನ ಬಿಟ್ಬಿಡಿ. ನನ್ನಿಂದ ಅವಳಿಗೆ ಸಾಕಾಗಿದೆ" ಎಂದಿದ್ದರು. ನೈಸಾ ನಾನು. ದೇವರ ಗೂಡಿನ ಮುಂದೆ ಆಡಿದ ಮಾತನ್ನು ಯಾರೂ ಇಲ್ಲವೆನ್ನುವಂತಿಲ್ಲ. ಆದರೆ ಸತ್ತವರ ಮಾತಿಗೆ ಆಯಸ್ಸು ಇದೆ: ಸಾವಿನ ಮನೆಯ ಬಾಗಿಲಿಗೆ ಕಟ್ಟುವ ಸೈಪ್ರೆಸ್ ಕೊಂಬೆ ಹಸಿರಾಗಿರುವವರೆಗೆ. ಅದು ಪೂರ್ತಿ ಕಂದಿದ ಮೇಲೆ ಅವರು ಹೇಳಿದ್ದೆಲ್ಲ ಬರಿಯ ನೆನಪು.

ನಮ್ಮ ಊರಿನಲ್ಲಿ ತನ್ನ ಕೈಯಾರೆ ಉಟ್ಟುಕೊಂಡ ಬಟ್ಟೆ ಹೊಸ್ತಿಲಿನಾಚೆ ಮೈಮೇಲೆ ನಿಲ್ಲುವುದಿಲ್ಲ. ಕೊಕ್ಕೆ ಚುಚ್ಚಿದರೂ ಅಷ್ಟೇ, ಗಂಟು ಬಿಗಿದರೂ ಅಷ್ಟೇ. ಬೀದಿಗೆ ಕಾಲಿಟ್ಟ ಕೂಡಲೇ ದಣಿದ ನಾಯಿಯ ಹಾಗೆ ಪಾದದ ಮೇಲೆ ಮಲಗಿಬಿಡುತ್ತದೆ. ಇನ್ನೊಬ್ಬರು ಉಡಿಸಬೇಕು. ಹಾಗಾಗಿ ಮಾತು ಬಿಟ್ಟ ಗಂಡಹೆಂಡಿರೂ ಬೆಳಗಾದರೆ ಒಬ್ಬರ ಮುಂದೆ ಒಬ್ಬರು ತೋಳು ಚಾಚಿ ನಿಲ್ಲುತ್ತಾರೆ. ಪಕ್ಕದ ಬೀದಿಯ ರೊಟ್ಟಿಯವನು ಅಂಗಡಿ ತೆರೆಯದಿದ್ದರೆ ಜ್ವರವೇ ಎಂದು ಯಾರೂ ಕೇಳುವುದಿಲ್ಲ. ಹೆಂಡತಿ ಏನಂದಳು ಎಂದು ಕೇಳುತ್ತಾರೆ. ಹೊಲಿದ ಅಂಗಿಗೆ ಈ ತಾಪತ್ರಯವಿಲ್ಲ. ತಲೆಯ ಮೇಲಿನಿಂದ ಇಳಿಬಿಟ್ಟರೆ ಮುಗಿಯಿತು. ಹೊಲಿದದ್ದನ್ನು ತೊಡುವವರು ನಾವು, ಸಂತೆಯಿಂದ ಕೊಂಡು ತಂದ ಆಳುಗಳು. ಉಡುವವರು ಅವರು.

ಉಳ್ಳವರ ಮನೆಯಲ್ಲಿ ಉಡಿಸುವುದಕ್ಕೆಂದೇ ಒಬ್ಬಳಿರುತ್ತಾಳೆ. ಒಬ್ಬಳೇ. ಅವಳನ್ನು ಮನೆಯ ಕೈ ಎನ್ನುತ್ತಾರೆ. ಗುರುತಿಗೆ ಅವಳ ಮಣಿಕಟ್ಟಿನಲ್ಲಿ ಕೆಂಪು ಉಣ್ಣೆಯ ದಾರ. ಚಳಿಗೆ ಬೆರಳು ಒಡೆಯಬಾರದು, ಬೇರೆ ಮನೆಯವರು ಆಸೆ ತೋರಿಸಿ ಕರೆದೊಯ್ಯಬಾರದು ಎಂದು ಅವಳನ್ನು ಹೊರಗೆ ಬಿಡುವುದಿಲ್ಲ. ಒಡತಿಯ ಕೋಣೆಯ ಬಾಗಿಲಿಗೆ ಅಡ್ಡವಾಗಿ ಅವಳ ಚಾಪೆ. ನಾನು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಈ ಹೊಸ್ತಿಲು ದಾಟಿ ಒಳಗೆ ಬಂದವಳು, ಹೊರಗೆ ದಾಟಿರಲಿಲ್ಲ. ಊರು ನನಗೆ ಗೊತ್ತಿದ್ದದ್ದು ಬಟ್ಟೆಯ ಅಂಚಿನಿಂದ. ಸಂಜೆ ಯಜಮಾನರು ಕಳಚಿಟ್ಟದ್ದನ್ನು ಕೊಡವುವಾಗ ಕೊಳೆಸಿದ ಮೀನಿನ ಸಾರಿನ ವಾಸನೆ ಬಂದರೆ ಬಂದರಿನ ಕಡೆ ಹೋಗಿದ್ದರು. ಉಚ್ಚೆಯ ನಾತವಿದ್ದರೆ ಬಟ್ಟೆ ಒಗೆಯುವವರ ಓಣಿ. ಅಲ್ಲಿ ಮೂಲೆಮೂಲೆಗೆ ಜಾಡಿಯಿಟ್ಟು ಹೋಗಿಬರುವವರ ಉಚ್ಚೆ ತುಂಬಿಸಿಕೊಂಡು ಅದರಲ್ಲೇ ಉಣ್ಣೆಯ ಕೊಳೆ ತೆಗೆಯುತ್ತಾರಂತೆ. ಸುಣ್ಣದಂಥ ಬಿಳಿ ಧೂಳಿದ್ದರೆ ಚೌಕ. ಚೌಕವನ್ನು ನಾನು ಎಷ್ಟೋ ಸಲ ಕೊಡವಿದ್ದೆ, ಒಮ್ಮೆಯೂ ನೋಡಿರಲಿಲ್ಲ.

ನಮ್ಮ ಒಡತಿ ವಿಬಿಯಾ ಅಮ್ಮನವರು ಕೆಟ್ಟವರಲ್ಲ. ಕೋಪ ಬಂದಾಗ ತುರುಬಿನ ಸೂಜಿ ಕಿತ್ತು ನನ್ನ ತೋಳಿಗೆ ಚುಚ್ಚುತ್ತಿದ್ದರು, ಆಮೇಲೆ ತಾವೇ ಎಣ್ಣೆ ಹಚ್ಚುತ್ತಿದ್ದರು. ಯಜಮಾನರ ದಹನ ಮುಗಿದ ಮೇಲೆ ಮನೆಯವರನ್ನೆಲ್ಲ ಅಂಗಳದ ನೀರಿನ ತೊಟ್ಟಿಯ ಸುತ್ತ ಸೇರಿಸಿ ಹೇಳಿದರು: "ಅವರು ಅಂದದ್ದನ್ನ ದೇವರು ಕೇಳಿಸ್ಕೊಂಡಿದೆ. ನಾನು ಇಲ್ಲ ಅನ್ನಲ್ಲ. ಆದರೆ ಮನೆಗೊಂದು ಕೈ ಬೇಕಲ್ಲ? ಮಾಡಿಕೊಟ್ಟು ಹೋಗು. ಹಿಲಾರಾಗೆ ಕಲಿಸು." ಅಂಗಳವೆಲ್ಲ ನಕ್ಕಿತು. ಹಿಲಾರಾ ನಮ್ಮಲ್ಲಿ ನೂಲುವವಳು, ನೀರು ತರುವವಳು. ಅವಳು ಒಡೆದ ಕೊಡಗಳ ಚೂರಿನಿಂದ ಹಿತ್ತಿಲಿಗೆ ನೆಲಹಾಸು ಮಾಡಬಹುದು ಎಂದು ಅಡುಗೆಯವನು ಹೇಳುತ್ತಿದ್ದ. ನಗದಿದ್ದವರು ನಾನು ಮತ್ತು ಹಿಲಾರಾ ಇಬ್ಬರೇ.

ಕಾನೂನು ಹೀಗಿದೆ. ಬಿಡುಗಡೆಯಾಗುವ ಕೈ, ಅದೇ ಮನೆಯ ಇನ್ನೊಬ್ಬರಿಂದ ಉಡಿಸಿಕೊಂಡು, ಆ ಬಟ್ಟೆ ಜಾರದಂತೆ ಚೌಕದವರೆಗೆ ನಡೆಯಬೇಕು. ಅಲ್ಲಿ ಕೋಲು ಹಿಡಿದು ಕೂತ ಅಧಿಕಾರಿ ಉಡಿಸಿದವರು ಯಾರೆಂದು ಕೇಳುತ್ತಾನೆ. ಹೆಸರು ಹೇಳಿಸಿಕೊಂಡವರು ಹೌದೆನ್ನಬೇಕು, ಆಳುಗಳ ಪರವಾಗಿ ಒಡೆಯರು ಹೌದೆನ್ನುತ್ತಾರೆ. ಆಗ ಅವನು ಹಳೆಯ ಕೈಯಿಂದ ದಾರ ಬಿಚ್ಚಿ ಹೊಸ ಕೈಗೆ ಕಟ್ಟುತ್ತಾನೆ, ಕೋಲಿನಿಂದ ಭುಜ ಮುಟ್ಟುತ್ತಾನೆ, ಅಲ್ಲಿಗೆ ಮುಗಿಯಿತು. ದಾರಿಯಲ್ಲಿ ಬಟ್ಟೆ ಜಾರಿದರೆ ಬಂದ ದಾರಿಯಲ್ಲೇ ವಾಪಸ್ಸು. ಮತ್ತೆ ಕೇಳುವಂತಿಲ್ಲ.

ಮರುದಿನವೇ ಪಾಠ ಶುರು ಮಾಡಿದೆ. ಬೊಂಬೆಯಂತೆ ನಿಲ್ಲುವ ಕೆಲಸ ಪಾರುಪತ್ಯಗಾರ ದಾಮಾನದು. ಮುದುಕ, ಮೊಣಕಾಲು ನೋವಿನವನು, ನಿಂತಲ್ಲೇ ಗೊಣಗುತ್ತಿದ್ದ. ಬಟ್ಟೆಯ ತುದಿಯನ್ನು ಎಡಭುಜದಿಂದ ಮುಂದಕ್ಕೆ ಇಳಿಬಿಡು, ಉಳಿದದ್ದನ್ನು ಬೆನ್ನ ಹಿಂದಿನಿಂದ ಬಲತೋಳಿನ ಕೆಳಗೆ ತಾ, ಎದೆಯ ಮೇಲೆ ನೆರಿಗೆ ಹಿಡಿ, ಮತ್ತೆ ಎಡಭುಜಕ್ಕೆ ಎಸೆ. ಹಿಲಾರಾ ಎಸೆದರೆ ಅದು ದಾಮಾನ ಮುಖದ ಮೇಲೆ ಬೀಳುತ್ತಿತ್ತು. "ಲೇ, ನಾನಿನ್ನೂ ಸತ್ತಿಲ್ಲ ಕಣೆ, ಯಾಕೆ ಮುಚ್ತೀಯ?" ಎನ್ನುತ್ತಿದ್ದ ಅವನು. ಹೊಸ್ತಿಲು ದಾಟಿಸಿ ನೋಡಿದರೆ ಪೂರ್ತಿ ಬಟ್ಟೆ ನೆಲಕ್ಕೆ. ಇನ್ನೊಬ್ಬರು ಉಡಿಸಿದ್ದಾದರೂ, ನೆರಿಗೆ ಓರೆಯಾದರೂ ಸರಿ, ಹಿಡಿದು ಕೂರದಿದ್ದರೆ ನಿಲ್ಲುವುದಿಲ್ಲ. ನಾನು ಅವಳ ಬೆರಳನ್ನು ನನ್ನ ಬೆರಳಲ್ಲಿ ಹಿಡಿದು ಕಲಿಸಿದೆ, ಬೈದೆ, ಬೇಡಿಕೊಂಡೆ. ಅವಳು ತಲೆಯಾಡಿಸುತ್ತಿದ್ದಳು, ಮತ್ತೆ ಬೀಳಿಸುತ್ತಿದ್ದಳು. ಅಮ್ಮನವರು ಕಂಬಕ್ಕೆ ಒರಗಿ ನೋಡಿ, "ನಿಧಾನ, ನಿಧಾನ. ಅವಸರ ಏನಿದೆ?" ಎನ್ನುತ್ತಿದ್ದರು.

ಅವಸರವಿತ್ತು. ಬಾಗಿಲಿನ ಕೊಂಬೆಯ ತುದಿ ಕಂದತೊಡಗಿತ್ತು. ಎಲ್ಲರೂ ಊಟಕ್ಕೆ ಕುಳಿತಾಗ ನಾನು ಬೊಗಸೆಯಲ್ಲಿ ನೀರು ತಂದು ಅದಕ್ಕೆ ಚಿಮುಕಿಸುತ್ತಿದ್ದೆ. ಕೂರಲು ಆಗುತ್ತಿರಲಿಲ್ಲ. ತೊಟ್ಟಿಯ ಸುತ್ತ ನಡೆಯುತ್ತಿದ್ದೆ, ಸುತ್ತು ಮುಗಿದ ಕಡೆಯಿಂದ ಮತ್ತೆ ನಡೆಯುತ್ತಿದ್ದೆ. ನೂಲುವ ಹೆಂಗಸರು, "ಗಾಣಕ್ಕೆ ಕಟ್ಟಿದರೆ ಎಣ್ಣೆಯಾದರೂ ಬರ್ತಿತ್ತು" ಎಂದು ನಗುತ್ತಿದ್ದರು.

ಹಾಗೆ ನಡೆಯುತ್ತಿದ್ದಾಗಲೇ ಒಂದು ಮಧ್ಯಾಹ್ನ ಅಡುಗೆಮನೆಯ ಹಿಂದಿನಿಂದ ಗುಲ್ಲು ಕೇಳಿಸಿತು. ಹೋಗಿ ಇಣುಕಿದೆ. ಆಳೆತ್ತರದ ಎಣ್ಣೆಯ ಜಾಡಿಗೆ ಹಿಲಾರಾ ಊಟದ ಮೇಜಿನ ಹೊದಿಕೆಯನ್ನು ಉಡಿಸಿದ್ದಳು. ಜಾಡಿಯ ಬಾಯಿಗೆ ಈರುಳ್ಳಿ ಬುಟ್ಟಿ ಬೋರಲು ಹಾಕಿ ತುರುಬು ಮಾಡಿ ಅದರಲ್ಲೊಂದು ಸೌಟು ಸಿಕ್ಕಿಸಿದ್ದಳು. "ಅಮ್ಮಾವ್ರು ಬಂದ್ರು, ದಾರಿ ಬಿಡ್ರೋ," ಎಂದು ಕೂಗಿ, ಜಾಡಿಯ ಹಿಂದೆ ನಿಂತು ಅಮ್ಮನವರ ದನಿಯಲ್ಲಿ, "ಯಾರೋ ಅದು ಬೆಳ್ಳುಳ್ಳಿ ತಿಂದವನು? ಉಸಿರು ಆ ಕಡೆ ಬಿಡೋ," ಎಂದಳು. ಅಡುಗೆಯವನು ಹೊಟ್ಟೆ ಹಿಡಿದು ಕೂತುಬಿಟ್ಟ. ನನ್ನ ಕಣ್ಣಿಗೆ ಅದ್ಯಾವುದೂ ಬೀಳಲಿಲ್ಲ. ಕಂಡದ್ದು ನೆರಿಗೆ. ಭುಜವೇ ಇಲ್ಲದ ಜಾಡಿಯ ಮೇಲೆ ಒಂದೊಂದೂ ತನ್ನ ಜಾಗದಲ್ಲಿ ಕೂತಿತ್ತು.

ಉಳಿದವರು ಚದುರಿದ ಮೇಲೆ ಅವಳನ್ನು ಉಣ್ಣೆಯ ಕೋಣೆಗೆ ಎಳೆದುಕೊಂಡು ಹೋದೆ. "ಯಾವಾಗ ಕಲಿತೆ?"

"ಮೊದಲನೇ ದಿನಾನೇ."

"ಮತ್ತೆ ದಿನಾ ಬೀಳಿಸ್ತಿದ್ದೀಯಲ್ಲೇ!"

"ಬೀಳಿಸೋದು ಸುಲಭ ಅಂದ್ಕೊಂಡಿದ್ದೀಯಾ? ಗೊತ್ತಿದ್ದೂ ತಪ್ಪು ಮಾಡಬೇಕಂದ್ರೆ ಬೆರಳೆಲ್ಲ ನೋಯುತ್ತೆ." ನಗುತ್ತಲೇ ಹೇಳಿದಳು, ಆಮೇಲೆ ನಗಲಿಲ್ಲ. "ನೋಡು ನೈಸಾ, ನಾನು ಬೆಳಗಾದ್ರೆ ಕೊಡ ತಗೊಂಡು ಹೊರಗೆ ಹೋಗ್ತೀನಿ. ಬೇಕಂತಲೇ ದೂರದ ಕಾರಂಜಿಗೆ ಹೋಗ್ತೀನಿ. ಅಲ್ಲಿ ನಾಲ್ಕು ಜನ ಸಿಗ್ತಾರೆ, ಬೈತಾರೆ, ನಗಿಸ್ತಾರೆ. ದೋಣಿಯವನೊಬ್ಬ ಸಿಕ್ಕಾಗೆಲ್ಲ ಹೆಸರು ಕೇಳ್ತಾನೆ, ನಾನು ಪ್ರತಿಸಲ ಬೇರೆ ಹೆಸರು ಹೇಳ್ತೀನಿ. ಅದನ್ನೆಲ್ಲ ಬಿಟ್ಟು ಆ ಚಾಪೆ ಮೇಲೆ ಬಿದ್ದಿರಬೇಕಾ? ನಿನ್ನ ಕಾಲು ಬಿಚ್ಚೋದಕ್ಕೆ ನನ್ನ ಕಾಲು ಕಟ್ತೀಯಾ?"

"ಕೊಂಬೆ ಒಣಗ್ತಿದೆ ಹಿಲಾರಾ."

"ಒಣಗಲಿ. ನೀನು ನೀರು ಹಾಕೋದನ್ನ ನೋಡಿದೀನಿ. ನಾನು ಯಾರಿಗೂ ಹೇಳಿಲ್ಲ. ನಿನಗೆ ನಾನು ಮಾಡೋದು ಅಷ್ಟೇ."

ಆಮೇಲಿನ ದಿನಗಳಲ್ಲಿ ನನ್ನ ತಲೆಯಲ್ಲಿ ಒಂದೇ ವಿಷಯ ಓಡುತ್ತಿತ್ತು. ಹೇಳಿಬಿಟ್ಟರೆ ಆಯಿತು. ಅಮ್ಮನವರೇ, ಇವಳಿಗೆ ಬರುತ್ತದೆ, ಜಾಡಿಯನ್ನು ಕೇಳಿ, ಅಡುಗೆಯವನನ್ನು ಕೇಳಿ. ಆಗ ಅಮ್ಮನವರಿಗೂ ಬೇರೆ ದಾರಿಯಿಲ್ಲ, ಹಿಲಾರಾಗೂ ಇಲ್ಲ. ಒಂದು ಮಾತು, ಆಮೇಲೆ ಬಂದರು, ಓಣಿ, ಚೌಕ. ಬೆಳಿಗ್ಗೆ ಅಮ್ಮನವರಿಗೆ ಉಡಿಸುವಾಗ ಮಾತು ನಾಲಿಗೆಯ ತುದಿಯಲ್ಲಿ ಬಂದು ಕೂತಿರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಅವರೇ ಕೇಳಿದರು: "ಆ ಪೆದ್ದಿಗೆ ಏನಾದರೂ ಹತ್ತಿತೇನೇ?"

ನಾನು ಬಾಯಿ ತೆರೆದೆ. ನೆರಿಗೆಯನ್ನು ತುಟಿಯಲ್ಲಿ ಕಚ್ಚಿ ಹಿಡಿದಿದ್ದೆನಾದ್ದರಿಂದ ಅದು ಜಾರಿತು; ಮತ್ತೆ ಹಿಡಿಯುವಷ್ಟರಲ್ಲಿ ಅವರೇ ಮುಂದುವರಿಸಿದ್ದರು. "ನಿನಗೇನು, ಹೋಗಿಬಿಡ್ತೀಯ. ಎಲ್ಲಿ ಹೋದ್ರೂ ಹೆಂಗಸರು ನನ್ನ ಮೈಮೇಲಿನ ಬಟ್ಟೆ ಮುಟ್ಟಿ ನೋಡಿ, 'ವಿಬಿಯಾ, ನಿಮ್ಮ ಮನೆ ಕೈ ಎಷ್ಟು ಚೆನ್ನಾಗಿದೆ' ಅಂತಾರೆ. ಒಬ್ಬಳಾದ್ರೂ 'ವಿಬಿಯಾ, ನೀನು ಚೆನ್ನಾಗಿದೀಯ' ಅಂದದ್ದಿಲ್ಲ. ಸರಿಯಾಗೇ ಇದೆ. ನನ್ನ ಕೈಲಿ ಏನಾಗುತ್ತೆ ಹೇಳು? ಈ ಸೂಜಿ ಒಂದು." ಎಂದು ತುರುಬು ಮುಟ್ಟಿಕೊಂಡು ನಕ್ಕರು. ನಾನು ಕೊನೆಯ ನೆರಿಗೆ ಎಸೆದು ಹಿಂದೆ ಸರಿದೆ. ಹೇಳಲಿಲ್ಲ. ಒಳ್ಳೆಯತನದಿಂದಲ್ಲ. ಹಿಲಾರಾಳನ್ನು ಆ ಚಾಪೆಯ ಮೇಲೆ ಕಲ್ಪಿಸಿಕೊಂಡಾಗಲೆಲ್ಲ ನನ್ನದೇ ಬೆನ್ನು ನೆಲದ ಥಂಡಿಗೆ ಜುಮ್ಮೆನ್ನುತ್ತಿತ್ತು, ಅಷ್ಟೇ.

ಕೊಂಬೆಯಲ್ಲಿ ಹಸಿರು ಬುಡದ ಹತ್ತಿರ ಮಾತ್ರ ಉಳಿದಾಗ ಒಂದು ಬೆಳಿಗ್ಗೆ ನಾನು ಬಾಗಿಲ ಬಳಿ ನಿಂತಿದ್ದೆ. ಹಿಲಾರಾ ತುಂಬಿದ ಕೊಡದೊಂದಿಗೆ ಹೊರಗಿನಿಂದ ಬಂದಳು. ಹೊಸ್ತಿಲಿನಾಚೆ ಅವಳು, ಈಚೆ ನಾನು. ಅವಳೇ ಬೆರಳದ್ದಿ ಕೊಂಬೆಗೆ ನೀರು ಚಿಮುಕಿಸಿದಳು.

"ನೀನು ಯಾಕೆ ಇನ್ನೂ ಹೇಳಿಲ್ಲ?"

"ಗೊತ್ತಿಲ್ಲ. ದಿನಾ ಬಾಯಿಗೆ ಬರುತ್ತೆ."

"ನಾನಾಗಿದ್ರೆ ಹೇಳಿಬಿಡ್ತಿದ್ದೆ ಕಣೆ." ಕೊಡವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿದಳು. "ಉಡಿಸ್ತೀನಿ. ಆದ್ರೆ ಅಲ್ಲಿ ನನ್ನ ಹೆಸರು ಬರಬಾರದು."

"ಬರಲ್ಲ."

"ಮತ್ತೆ ಯಾರ ಹೆಸರು ಹೇಳ್ತೀಯ? ದಾಮಾನದಾ? ಅವನಿಗೆ ಮೂಗೊರೆಸಿಕೊಳ್ಳೋಕೇ ಬೆರಳು ಬಗ್ಗಲ್ಲ."

"ಇನ್ನೂ ಯೋಚಿಸಿಲ್ಲ."

"ಇವಳನ್ನ ನಂಬಿ ನಾನು!" ಎಂದು ಒಳಗೆ ಬಂದಳು. ಬರುವಾಗ ಕೊಡ ಬಾಗಿಲಿಗೆ ತಾಕಿಸಿ ಒಡೆದಳು. ಅದು ಮಾತ್ರ ನಿಜವಾದ ತಪ್ಪು ಎಂದು ಆಮೇಲೆ ಹೇಳಿದಳು.

ನಾನು ಅಮ್ಮನವರ ಮುಂದೆ ನಿಂತು, ಮನೆಯಲ್ಲಿ ಒಬ್ಬರು ಉಡಿಸಲು ಒಪ್ಪಿದ್ದಾರೆ ಎಂದೆ. ಯಾರೆಂದು ಅವರು ಕೇಳುವಂತಿಲ್ಲ. ಬಿಡುಗಡೆಯವಳಿಗೆ ಉಡಿಸುವುದನ್ನು ಮನೆದೇವರು ಮಾತ್ರ ನೋಡಬೇಕು. ಉಳಿದವರೆಲ್ಲ, ಒಡತಿಯೂ ಸೇರಿ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ನಿಲ್ಲಬೇಕು. "ಹಿಲಾರಾನಾ?" ಎಂದು ಅಮ್ಮನವರು ತಾಳಲಾರದೆ ಕೇಳಿಯೇಬಿಟ್ಟರು. ನಾನು ನೆಲ ನೋಡಿದೆ. "ಹಾಗಾದರೆ ಮೊದಲ ತಿರುವಿಗೇ ಬೀಳುತ್ತೆ," ಎಂದು ಗೆಲುವಾಗಿ ಎದ್ದರು.

ಅಂದು ಮೊದಲು ಅವರಿಗೆ ಉಡಿಸಿದೆ. ಆಮೇಲೆ ಎಲ್ಲರೂ ಅಂಗಳದ ಗೋಡೆಗಳಿಗೆ ಮುಖವಿಟ್ಟು ಸಾಲಾಗಿ ನಿಂತರು. ಬಣ್ಣದ ಗೋಡೆಗೆ ಹಣೆ ತಾಗಿಸಿ ನಿಂತ ಅಷ್ಟು ಬೆನ್ನುಗಳು. ಯಾರೋ ಕೆಮ್ಮಿದರು. ಒಂದು ಬೆನ್ನು 'ನನ್ನ ಕಾಲು' ಎಂದು ಗೊಣಗಿತು, ದಾಮಾ. ಬರಿಗಾಲಿನ ಸದ್ದಿಲ್ಲದೆ ಹಿಲಾರಾ ಬಂದಳು. ಎಣ್ಣೆ ಹಚ್ಚುವ ಅಮ್ಮನವರದು ಬಿಟ್ಟರೆ ನನ್ನ ಮೈಗೆ ಬೇರೆಯವರ ಕೈ ಸೋಕಿ ಎಷ್ಟು ಕಾಲವಾಗಿತ್ತೋ, ಅವಳು ಬಟ್ಟೆ ಭುಜಕ್ಕಿಟ್ಟಾಗ ಬೆಚ್ಚಿದೆ. ಅವಳು ಬೇಗ ಬೇಗ ಕೆಲಸ ಮಾಡಿದಳು. ನಾನು ಬಿಗಿಯಾಗಿ ಹಿಡಿಯುವ ಕಡೆ ಅವಳು ಸಡಿಲ ಬಿಟ್ಟಳು, ನಾನು ಇಳಿಬಿಡುವ ಕಡೆ ಎತ್ತಿ ಸಿಕ್ಕಿಸಿದಳು. ತಪ್ಪು ಎಂದು ಕಣ್ಣಲ್ಲೇ ಹೇಳಿದೆ. ಅವಳು ತಲೆಯಾಡಿಸಿ, ನನ್ನ ಸೊಂಟಕ್ಕೊಂದು ತಟ್ಟಿ, ತನ್ನ ಗೋಡೆಗೆ ಹೋಗಿ ಹಣೆಯಿಟ್ಟಳು.

ಹೊಸ್ತಿಲು ದಾಟಿದೆ. ಬಟ್ಟೆ ನಿಂತಿತು.

ಮೊದಲ ತಿರುವು ಬಂತು. ನಿಂತಿತು. ಮುಂದೆ ದಾಮಾ ಕುಂಟುತ್ತ, ಹಿಂದೆ ಅಮ್ಮನವರ ಪಲ್ಲಕ್ಕಿ, ಅದರ ಹಿಂದೆ ಹಿಲಾರಾ, ಉಳಿದವರು. ನನ್ನ ಕೈಯಿಂದ ಬಟ್ಟೆ ಮುಟ್ಟುವಂತಿಲ್ಲ. ತೋಳುಗಳನ್ನು ಏನು ಮಾಡಬೇಕೋ ತಿಳಿಯದೆ ಮುಂದಕ್ಕೆ ಹಿಡಿದು ನಡೆದೆ. ಊರು ನಾನು ಕೊಡವಿದ್ದಕ್ಕಿಂತ ಎತ್ತರವಾಗಿತ್ತು, ಗದ್ದಲವಾಗಿತ್ತು. ಓಣಿಯ ಜಾಡಿಯ ಮುಂದೆ ನಿಂತಿದ್ದವನೊಬ್ಬ ಮುಗಿಸುವ ಮೊದಲೇ ಹಿಂತಿರುಗಿ ನೋಡಿ ಬೈಸಿಕೊಂಡ. ಕತ್ತೆಯೊಂದು ಅಡ್ಡ ಬಂತು, ಪಕ್ಕಕ್ಕೆ ಹಾರಿದೆ, ಮೆಟ್ಟಿಲು ಹತ್ತಿದೆ, ಇಳಿದೆ. ಬಟ್ಟೆ ನನ್ನೊಡನೆ ಹಾರಿತು, ಹತ್ತಿತು, ಇಳಿಯಿತು. ಆಗ ತಿಳಿಯಿತು. ನಾನು ಹಾಕುವುದು ನಿಂತವರ ನೆರಿಗೆ. ಹಿಲಾರಾ ದಿನವೂ ನಡೆದವಳು. ಅವಳು ಹಾಕಿದ್ದು ನಡೆಯುವವರ ನೆರಿಗೆ. ನಾನು ಹೆಜ್ಜೆ ಜೋರು ಮಾಡಿದೆ. ದಾಮಾನನ್ನು ದಾಟಿದೆ. "ಲೇ, ನಿಂಗೆ ದಾರಿ ಗೊತ್ತೇನೇ?" ಎಂದು ಅವನು ಹಿಂದಿನಿಂದ ಕೂಗಿದ. ಬಿಳಿ ಧೂಳು ಕಂಡ ಕಡೆ ನಡೆದೆ.

ಚೌಕದಲ್ಲಿ ಹೆಂಗಸರು ಮುತ್ತಿಕೊಂಡರು. ಉಳ್ಳವರ ಮನೆಯ ಹೆಂಗಸರು, ನಮ್ಮ ಅಮ್ಮನವರ ಜೊತೆ ಊಟಕ್ಕೆ ಕೂರುವವರು. "ಇದ್ಯಾವ ಬಗೆ ನೆರಿಗೆಯೇ?" "ನಡೆದರೆ ನೀರು ಹರಿದ ಹಾಗಿದೆ ನೋಡು." "ತಿರುಗೇ ಹುಡುಗಿ, ಇನ್ನೊಂದು ಸಲ ತಿರುಗು." ಅಧಿಕಾರಿ ಕೋಲಿನಿಂದ ಕಲ್ಲು ಕುಟ್ಟಿ ಅವರನ್ನು ಸುಮ್ಮನಾಗಿಸಿದ. ಬೋಳುತಲೆಯ, ಬಿಸಿಲಿಗೆ ಬೇಸತ್ತ ಮನುಷ್ಯ. ನನ್ನನ್ನು ಮೇಲಿಂದ ಕೆಳಗೆ ನೋಡಿ ತಲೆದೂಗಿದ.

"ಉಡಿಸಿದ ಕೈ ಯಾರದು?"

ಅಷ್ಟು ದಾರಿ ನಡೆದೂ ನಾನು ಯೋಚಿಸಿರಲಿಲ್ಲ. ನಡೆಯುವುದರಲ್ಲೇ ಇದ್ದೆ. ಹಿಂದೆ ನೋಡಿದೆ. ಹಿಲಾರಾ ತನ್ನ ಹೆಬ್ಬೆರಳಿನಿಂದ ಧೂಳಿನಲ್ಲಿ ಗೆರೆ ಎಳೆಯುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ದಾಮಾ ಬೆವರೊರೆಸಿಕೊಳ್ಳುತ್ತಿದ್ದ. ಯಾರ ಹೆಸರು ಹೇಳಿದರೂ ಸಂಜೆಗೆ ಆ ಚಾಪೆ ಅವರದು. ಚಾಪೆಯ ಮೇಲೆ ಮಲಗಿಸಲಾಗದವರು ಆ ಮನೆಯಲ್ಲಿ ಒಬ್ಬರೇ ಇದ್ದರು.

"ನಮ್ಮ ಅಮ್ಮನವರದು," ಎಂದೆ. "ವಿಬಿಯಾ ಅಮ್ಮನವರ ಕೈ."

ಯಾರೋ ನಕ್ಕು ನಿಲ್ಲಿಸಿದರು. ಪಲ್ಲಕ್ಕಿಯ ಪರದೆ ಸರಿಯಿತು. ಅಮ್ಮನವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. ಕೈ ತುರುಬಿನ ಕಡೆ ಹೋಯಿತು. ಅವರು ಅಲ್ಲವೆಂದರೆ ನಾನು ಸುಳ್ಳಿ, ಮನೆಗೆ ವಾಪಸ್ಸು, ಸಾಯುವವರೆಗೆ. ಅವರಿಗೆ ಬೇಕಾದದ್ದೂ ಅದೇ. ಅಷ್ಟರಲ್ಲಿ ಗುಂಪಿನಿಂದ ಒಬ್ಬ ಹಣ್ಣು ಮುದುಕಿ, "ನಮ್ಮಜ್ಜಿ ಕಾಲದಲ್ಲಿ ಹಾಗೇ ಇತ್ತಂತೆ ಕಣ್ರೇ, ಬಿಡುವವಳಿಗೆ ಒಡತಿಯೇ ಉಡಿಸ್ತಿದ್ದಳಂತೆ. ಈಗ ಯಾರಿಗೆ ಬರುತ್ತೆ?" ಎಂದಳು. ಅಧಿಕಾರಿ ಎದ್ದು ನಿಂತ. ಹೆಂಗಸರು ನನ್ನನ್ನು ಬಿಟ್ಟು ಪಲ್ಲಕ್ಕಿಯ ಕಡೆ ಹರಿದರು. "ವಿಬಿಯಾ, ನೀನಾ?" "ನಿನ್ನ ಕೈಯಾ ಇದು? ಇಷ್ಟು ದಿನ ಹೇಳಲೇ ಇಲ್ಲ!" "ನಾವೆಲ್ಲ ಆ ಹುಡುಗಿಯದ್ದು ಅಂದ್ಕೊಂಡಿದ್ವಲ್ಲೇ!"

ತುರುಬಿಗೆ ಹೋದ ಕೈ ಅಲ್ಲೇ ನಿಂತಿತ್ತು. ಅಮ್ಮನವರು ನನ್ನನ್ನು ನೋಡಿದರು, ತಮ್ಮ ಸುತ್ತಲಿನ ಮುಖಗಳನ್ನು ನೋಡಿದರು. ಸೂಜಿ ಮುಟ್ಟದೆಯೇ ಕೈ ಕೆಳಗಿಳಿಯಿತು.

"ನನ್ನದೇ," ಎಂದರು. ದನಿ ಸಣ್ಣಗಿತ್ತು. ಮತ್ತೆ ಗಂಟಲು ಸರಿಮಾಡಿಕೊಂಡು, "ಹೌದು. ನನ್ನದೇ ಕೈ."

ಅಧಿಕಾರಿ ನನ್ನ ಮಣಿಕಟ್ಟಿನ ದಾರ ಬಿಚ್ಚಿದ. ಅದನ್ನು ಹಿಡಿದುಕೊಂಡು ಪಲ್ಲಕ್ಕಿಯ ಬಳಿ ಹೋಗಿ ಕೊಂಚ ಅನುಮಾನಿಸಿದ. "ಕಾನೂನು, ತಾಯೀ. ಕೈ ಕೊಡಿ," ಎಂದ. ಆಮೇಲೆ ಬಂದು ಕೋಲಿನಿಂದ ನನ್ನ ಭುಜ ಮುಟ್ಟಿದ. ನೊಣ ಕೂತು ಎದ್ದಷ್ಟು.

ನಾನು ರೊಟ್ಟಿ ಅಂಗಡಿಯ ಮೇಲಿನ ಸಣ್ಣ ಕೋಣೆ ಹಿಡಿದೆ. ಉಣ್ಣೆ ಬಾಚುವ ಕೆಲಸ ಸಿಕ್ಕಿತು. ಕೆಲಸ ಮುಗಿದ ಮೇಲೆ ನಡೆಯುತ್ತಿದ್ದೆ: ಬಂದರು, ಓಣಿ, ಗೋಡೆಯುದ್ದಕ್ಕೂ, ಮತ್ತೆ ಬಂದರು. ಬಿಡುಗಡೆಯಾದವರು ಹೊಲಿದ ಅಂಗಿಯಲ್ಲಿ ತಿರುಗುವಂತಿಲ್ಲ, ಉಡಬೇಕು. ಉಡಿಸಲು ನನಗೆ ಯಾರೂ ಇರಲಿಲ್ಲ. ನನ್ನಂಥವರಿಗಾಗಿ ದೂರದ ಕಾರಂಜಿಯ ಹಿಂದೆ ಒಂದು ಚಪ್ಪರವಿದೆ. ಬೆಳಗಾಗುತ್ತಲೇ ಒಂಟಿಗಳು ಒಳಂಗಿಯಲ್ಲಿ, ಬಟ್ಟೆಯ ಗಂಟು ಕಂಕುಳಲ್ಲಿ ಹಿಡಿದು ಅಲ್ಲಿಗೆ ಬರುತ್ತಾರೆ. ದಾರಿಯಲ್ಲಿ ಅವರನ್ನು ನೋಡಬಾರದೆಂಬ ಮರ್ಯಾದೆ ಊರಿಗಿದೆ. ಅಲ್ಲಿ ಒಬ್ಬರಿಗೊಬ್ಬರು ಉಡಿಸುತ್ತಾರೆ. ನಾನು ಉಡಿಸಿದವರು ಸೆನೆಟ್ ಸಭೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ನನಗೆ ಉಡಿಸುತ್ತಿದ್ದವನು ಒಬ್ಬ ಹಳೆಯ ಸಿಪಾಯಿ. ಹಾಸಿಗೆ ಸುತ್ತಿದ ಹಾಗೆ ಸುತ್ತಿ, "ಇದು ದಂಡಯಾತ್ರೆಗೂ ಬಿಚ್ಚಲ್ಲ," ಎನ್ನುತ್ತಿದ್ದ. ಅದರಲ್ಲಿ ಉಸಿರಾಡುವುದೇ ಕಷ್ಟ, ನಡೆಯುವುದೆಲ್ಲಿ ಬಂತು.

ಕಾರಂಜಿಯ ಬಳಿ ಹಿಲಾರಾ ಸಿಗುತ್ತಿದ್ದಳು. ಮನೆಯ ಸುದ್ದಿ ಹೇಳುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಅಮ್ಮಾವ್ರು ಹೊರಗೇ ಬಂದಿಲ್ಲ ಕಣೆ. ಈಗ ಮನೆಯ ಕೈ ಅವರೇ. ಅವರೇ ಉಟ್ಕೊಂಡ್ರೆ ನಿಲ್ಲಲ್ಲ. ಮನೆಯವರು ಯಾರಾದ್ರೂ ಉಡಿಸಿದ್ರೆ, ಮನೇಲಿ ಇನ್ನೊಂದು ಕೈ ಇದೆ ಅಂತಾಗಿ, ಚೌಕದಲ್ಲಿ ಹೇಳಿದ್ದು ಸುಳ್ಳು ಅಂತ ಬಯಲಾಗುತ್ತೆ. ಊಟಕ್ಕೆ ಕರೆ ಮೇಲೆ ಕರೆ ಬರ್ತಿದೆ, ಬಂದು ಉಡಿಸಿ ತೋರಿಸು ಅಂತ. ಇವರು ತಲೆನೋವು ಅಂತ ಹೇಳಿ ಕಳಿಸ್ತಾರೆ."

"ನಿನ್ನ ಮೇಲೆ ಅನುಮಾನ ಬಂದಿಲ್ವಾ?"

"ಬಂದಿದೆ. ಒಂದು ದಿನ ನನ್ನ ಬೆರಳು ಹಿಡಿದು ನೋಡಿದ್ರು. ಏನೂ ಕೇಳಲಿಲ್ಲ. ಕೇಳಿದ್ರೆ ಅವರೇ ಸಿಕ್ಕಿಬೀಳ್ತಾರೆ." ಕೊಡ ಎತ್ತಿಕೊಂಡಳು. "ಸೊರಗಿದಾರೆ ಕಣೆ. ಕಿಟಕಿ ಹತ್ರ ಹೋಗ್ತಾರೆ, ಬರ್ತಾರೆ. ತೊಟ್ಟಿ ಸುತ್ತ ನಿನ್ನ ಹಾಗೇ ತಿರುಗ್ತಾರೆ." ಇದನ್ನು ಹೇಳುವಾಗ ನಗಲಿಲ್ಲ.

ಮೋಡ ಕವಿದ ಒಂದು ಬೆಳಿಗ್ಗೆ ಚಪ್ಪರದ ಮುಂದೆ ಪಲ್ಲಕ್ಕಿ ಬಂದು ನಿಂತಿತು. ಪರದೆಗಳೆಲ್ಲ ಮುಚ್ಚಿದ್ದವು. ಸಿಪಾಯಿ ನನ್ನ ಬಟ್ಟೆ ಬಿಡಿಸಿ ಇನ್ನೇನು ಸುತ್ತಬೇಕೆಂದಿದ್ದ. ಪರದೆಯ ಸಂದಿಯಿಂದ ಕೆಂಪು ದಾರ ಕಟ್ಟಿದ ಕೈ ಹೊರಗೆ ಬಂತು, ಮಡಿಸಿದ ಬೂದುಬಣ್ಣದ ಶೋಕದ ಬಟ್ಟೆಯೊಂದನ್ನು ಚಾಚಿತು.

"ನೈಸಾ." ಅಮ್ಮನವರ ದನಿ. "ಯಾರೂ ನೋಡೋ ಮೊದಲು, ಬೇಗ."

ನನ್ನ ಕೈಗಳು ತಾವಾಗಿಯೇ ಮುಂದೆ ಹೋಗಿದ್ದವು. ಅವನ್ನು ಹಿಂದಕ್ಕೆ ತೆಗೆದುಕೊಳ್ಳಲು ಶ್ರಮಪಡಬೇಕಾಯಿತು.

"ಮೊದಲು ನೀವು ನನಗೆ," ಎಂದೆ.

ಪರದೆ ಸರಿಯಿತು. ಅಮ್ಮನವರು ಒಳಂಗಿಯಲ್ಲಿ, ಮೊಣಕಾಲು ಅಪ್ಪಿಕೊಂಡು ಕುಳಿತಿದ್ದರು. ತುರುಬು ಓರೆಯಾಗಿತ್ತು. "ನನಗೆ ಬರಲ್ಲ. ನಿನಗೆ ಗೊತ್ತು."

"ಚೌಕದಲ್ಲಿ ಬರುತ್ತೆ ಅಂದ್ರಲ್ಲ."

ಸಿಪಾಯಿ ಕೆಮ್ಮಿ ಆ ಕಡೆ ತಿರುಗಿದ. ಅಮ್ಮನವರು ನನ್ನನ್ನು ದಿಟ್ಟಿಸಿದರು. ಪಲ್ಲಕ್ಕಿ ಎತ್ತಿಸಿಕೊಂಡು ಹೋಗಿಬಿಡುತ್ತಾರೆಂದೇ ಎಣಿಸಿದೆ. ಹೊರುವವರೂ ಕೋಲಿಗೆ ಭುಜ ಕೊಟ್ಟಿದ್ದರು. ಅಮ್ಮನವರು ಒಂದು ಕಾಲು ಕೆಳಗಿಟ್ಟರು. ತಣ್ಣನೆಯ ಕಲ್ಲು ತಾಗಿ ಹುಬ್ಬು ಗಂಟಿಕ್ಕಿದರು. ಇನ್ನೊಂದು ಕಾಲನ್ನೂ ಇಟ್ಟರು. ಸಿಪಾಯಿಯ ಕೈಯಿಂದ ನನ್ನ ಬಟ್ಟೆಯನ್ನು ತೆಗೆದುಕೊಂಡು, ತುದಿ ಯಾವುದೆಂದು ತಿಳಿಯದೆ ಸುತ್ತಲೂ ಹುಡುಕಿದರು.

"ಇದು ಎಲ್ಲಿಗೆ?"

"ಎಡಭುಜಕ್ಕೆ. ಅಲ್ಲ, ನನ್ನ ಎಡಭುಜ."

ಮೊದಲ ಸಲ ನೆಲಕ್ಕೆ ಬಿತ್ತು. ಎರಡನೆಯ ಸಲ ಬಲತೋಳಿನ ಕೆಳಗೆ ತರುವುದನ್ನು ಮರೆತರು. ಬಾಯಿ ಬಿಟ್ಟು ಏದುಸಿರು ಬಿಡುತ್ತ, ಬೆನ್ನ ಹಿಂದೆ, ಮುಂದೆ, ನನ್ನ ಸುತ್ತ ಸುತ್ತಿದರು. ಅವರ ಬೆರಳು ಮೆತ್ತಗಿದ್ದವು, ಒಂದೊಂದು ನೆರಿಗೆಯನ್ನೂ ಹಿಡಿದು ಬಿಡಲು ಹೆದರುತ್ತಿದ್ದವು. ಬೆಳಕು ಚೆನ್ನಾಗಿ ಹರಿಯಿತು. ಕಾರಂಜಿಗೆ ಹೆಂಗಸರು ಬರತೊಡಗಿದರು; ಕೆಲವರು ಮರ್ಯಾದೆಗೆ ಮುಖ ತಿರುಗಿಸಿದರು, ಕೆಲವರು ತಿರುಗಿಸಲಿಲ್ಲ. ಅಮ್ಮನವರು ಯಾರ ಕಡೆಯೂ ನೋಡಲಿಲ್ಲ. ಕೊನೆಯ ಸೆರಗನ್ನು ನನ್ನ ಭುಜಕ್ಕೆ ಎಸೆದು ಹಿಂದೆ ಸರಿದರು.

ವಕ್ರವಾಗಿತ್ತು. ಒಂದು ಕಡೆ ನೆಲ ಒರೆಸುತ್ತಿತ್ತು. ನಾನು ಚಪ್ಪರದಿಂದ ಬೀದಿಗಿಳಿದು, ಕಾರಂಜಿಯನ್ನು ಒಂದು ಸುತ್ತು ಹಾಕಿದೆ, ಬೇಗ ಬೇಗ. ನಿಂತಿತ್ತು. ವಾಪಸ್ಸು ಬಂದಾಗ ಅಮ್ಮನವರು ನನ್ನ ಮುಖ ನೋಡುತ್ತಿರಲಿಲ್ಲ, ನೆರಿಗೆಯನ್ನೇ ನೋಡುತ್ತಿದ್ದರು, ಒಲೆಯ ಮೇಲೆ ಹಾಲಿಟ್ಟವರ ಹಾಗೆ.

ನಾನು ಬೂದುಬಣ್ಣದ ಬಟ್ಟೆಯನ್ನು ಕೊಡವಿ ಬಿಡಿಸಿದೆ.

"ತೋಳೆತ್ತಿ," ಎಂದೆ.